ಫೋನು ಎಚ್ಚರಿಸುವುದು ಯಾರಿಗೋಸ್ಕರ?

ಎರಡು ವರ್ಷದ ಹಿಂದಿನ ಮದುವೆ ಸೀಸನ್. ಚನ್ನರಾಯಪಟ್ಟಣದಲ್ಲಿರುವ ನಮ್ಮ ಚಿಕ್ಕಪ್ಪನಿಗೆ ವಾಟ್ಸಾಪಿನಲ್ಲಿ ಒಂದು ಲಗ್ನಪತ್ರಿಕೆ ಬಂತು. ಗೊತ್ತಿರುವ ನಂಬರೇ, ಊರಿನ ಗೊಬ್ಬರದ ಅಂಗಡಿಯವರದ್ದು. ಅವರು ಮಗಳಿಗೆ ಗಂಡು ನೋಡುತ್ತಿದ್ದ ವಿಷಯ ಊರಿಗೆಲ್ಲ ಗೊತ್ತಿತ್ತು. ಚಿಕ್ಕಪ್ಪ ಒತ್ತಿದರು. ಪತ್ರಿಕೆ ತೆರೆಯಲಿಲ್ಲ, ಫೋನು ಏನೋ ಕೇಳಿತು. ಇವರು ಸರಿ ಅಂದರು. ಮತ್ತೆ ಏನೋ ಕೇಳಿತು. ಅದಕ್ಕೂ ಸರಿ ಅಂದರು.

ಅದು ಪತ್ರಿಕೆ ಆಗಿರಲಿಲ್ಲ, ಎಪಿಕೆ ಫೈಲು. ಅಂದರೆ ಪ್ಲೇ ಸ್ಟೋರ್ ದಾಟದೆ ನೇರವಾಗಿ ಫೋನಿಗೆ ಬಂದು ಕೂರುವ ಆ್ಯಪ್. ಅವತ್ತು ರಾತ್ರಿಯೇ ಅಕೌಂಟಿನಿಂದ ಮೂರು ಕಂತಿನಲ್ಲಿ 38 ಸಾವಿರ ಹೋಯಿತು. ಬೆಳಗ್ಗೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿದೆವು. ಒಂದಿಷ್ಟು ದುಡ್ಡು ತಡೆಹಿಡಿಯಲು ಆಯಿತು, ಉಳಿದದ್ದು ಕೈಬಿಟ್ಟಿತು. ಗೊಬ್ಬರದ ಅಂಗಡಿಯವರು ಏನನ್ನೂ ಕಳಿಸಿರಲಿಲ್ಲ. ಎರಡು ದಿನ ಮೊದಲು ಅವರೂ ಇನ್ಯಾರದೋ ಪತ್ರಿಕೆ ಒತ್ತಿದ್ದರು.

"ಫೋನು ಕೇಳಿದಾಗ ಬೇಡ ಅನ್ನಬಹುದಿತ್ತಲ್ವಾ ಚಿಕ್ಕಪ್ಪ?" ಅಂದೆ.

"ಎರಡು ಸಲ ಕೇಳ್ತು ಕಣಪ್ಪ, ಎರಡು ಸಲನೂ ಹೂಂ ಅಂದೆ. ಅದು ದಿನಾ ಏನಾದ್ರೂ ಕೇಳ್ತಾನೇ ಇರುತ್ತೆ. ಯಾವುದು ನಿಜವಾಗ್ಲೂ ಕೇಳ್ತಿದೆ, ಯಾವುದು ಸುಮ್ನೆ ಕೇಳ್ತಿದೆ ಅಂತ ನಮಗೆ ಹೆಂಗೆ ಗೊತ್ತಾಗ್ಬೇಕು?"

ಆ್ಯಪ್ ಸ್ಟೋರ್, ರಿಪೇರಿ, ಸೆಕ್ಯುರಿಟಿ ಅಂತ ಜಗತ್ತಿನ ಕೋರ್ಟುಗಳಲ್ಲಿ ನಡೆಯುತ್ತಿರುವ ಜಗಳಗಳ ಬಗ್ಗೆ ನಾನು ಸುಮಾರು ಓದಿದ್ದೇನೆ. ಚಿಕ್ಕಪ್ಪ ಕೇಳಿದ್ದಕ್ಕಿಂತ ನೆಟ್ಟಗಿನ ಪ್ರಶ್ನೆ ಎಲ್ಲೂ ಕಂಡಿಲ್ಲ.

ಮೊದಲು ಕಂಪನಿಗಳ ಕಡೆಯ ನ್ಯಾಯ ಹೇಳಿಬಿಡುತ್ತೇನೆ, ಯಾಕಂದರೆ ಅದು ಗಟ್ಟಿಯಾಗಿಯೇ ಇದೆ. ಈ ಕಳ್ಳ ಎಪಿಕೆಗಳ ಕೆಲಸ ಬಲು ಸುಲಭದ್ದು. ಒಳಗೆ ಬಂದ ಕೂಡಲೇ ಎಸ್ಸೆಮ್ಮೆಸ್ ಓದಲು ಅನುಮತಿ ಕೇಳುತ್ತವೆ. ಕೊಟ್ಟರೆ ಬ್ಯಾಂಕಿನ ಒಟಿಪಿ ನಿಮ್ಮ ಕಣ್ಣಿಗೆ ಬೀಳುವ ಮೊದಲೇ ಕಳ್ಳನಿಗೆ ತಲುಪುತ್ತದೆ. ಇನ್ನು ಕೆಲವು ಆಕ್ಸೆಸಿಬಿಲಿಟಿ ಅನುಮತಿ ಕೇಳುತ್ತವೆ. ಕಣ್ಣು ಕಾಣದವರಿಗೆ ಪರದೆಯ ಮೇಲಿರುವುದನ್ನು ಓದಿ ಹೇಳಲಿ ಅಂತ ಮಾಡಿದ ಸೌಲಭ್ಯ ಅದು. ಕಳ್ಳನ ಕೈಗೆ ಸಿಕ್ಕರೆ ನಿಮ್ಮ ಪರದೆಯನ್ನು ಅವನು ಓದುತ್ತಾನೆ, ನಿಮ್ಮ ಬದಲು ಬಟನ್ನನ್ನೂ ಅವನೇ ಒತ್ತುತ್ತಾನೆ.

ಗೂಗಲ್ 2024ರ ಫೆಬ್ರುವರಿಯಲ್ಲಿ ಸಿಂಗಪುರದಲ್ಲಿ ಒಂದು ಪ್ರಯೋಗ ಶುರು ಮಾಡಿತು. ಬ್ರೌಸರ್, ಮೆಸೇಜಿಂಗ್ ಆ್ಯಪ್ ಅಥವಾ ಫೈಲ್ ಮ್ಯಾನೇಜರ್ ಮೂಲಕ ಬಂದ ಆ್ಯಪ್ ಇಂಥ ಅನುಮತಿಗಳನ್ನು ಕೇಳುವಂಥದ್ದಾಗಿದ್ದರೆ ಅದನ್ನು ಇನ್‌ಸ್ಟಾಲ್ ಆಗಲು ಬಿಡುವುದೇ ಇಲ್ಲ. ಆಮೇಲೆ ಅದನ್ನು ಭಾರತಕ್ಕೂ ತಂದಿತು, ಚಿಕ್ಕಪ್ಪನ ದುಡ್ಡು ಹೋದ ಮೇಲೆ. ಇದು ಒಳ್ಳೆಯ ಬೀಗ ಅಂತಲೇ ನನ್ನ ಅಭಿಪ್ರಾಯ. ಯಾವ ಬಾಗಿಲಿನಿಂದ ಕಳ್ಳ ಬರುತ್ತಿದ್ದಾನೋ ಅದೇ ಬಾಗಿಲಿಗೆ ಹಾಕಿದ್ದು.

2025ರ ಆಗಸ್ಟಿನಲ್ಲಿ ಪ್ರಕಟಿಸಿದ ಬೀಗ ಬೇರೆ ಥರದ್ದು. ಆಂಡ್ರಾಯ್ಡ್ ಫೋನಿಗೆ ಆ್ಯಪ್ ಎಲ್ಲಿಂದ ಬಂದರೂ ಸರಿ, ಅದನ್ನು ಮಾಡಿದವರು ಗೂಗಲ್ ಹತ್ತಿರ ಹೆಸರು, ವಿಳಾಸ, ಗುರುತಿನ ಚೀಟಿ ಕೊಟ್ಟು ನೋಂದಾಯಿಸಿಕೊಂಡಿರಬೇಕು. ಇಲ್ಲದಿದ್ದರೆ ಗೂಗಲ್ ಸರ್ಟಿಫೈ ಮಾಡಿದ ಫೋನುಗಳಲ್ಲಿ ಆ ಆ್ಯಪ್ ಇನ್‌ಸ್ಟಾಲ್ ಆಗುವುದಿಲ್ಲ. ಸರ್ಟಿಫೈ ಮಾಡಿದ ಫೋನು ಅಂದರೆ ನಮ್ಮಲ್ಲಿ ಅಂಗಡಿಯಲ್ಲಿ ಸಿಗುವ ಹೆಚ್ಚುಕಡಿಮೆ ಎಲ್ಲ ಆಂಡ್ರಾಯ್ಡ್ ಫೋನೂ. 2026ರ ಸೆಪ್ಟೆಂಬರಿನಿಂದ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ ಮತ್ತು ಥಾಯ್ಲೆಂಡಿನಲ್ಲಿ, 2027ರಿಂದ ಉಳಿದ ದೇಶಗಳಲ್ಲಿ ಅನ್ನುವುದು ಆಗ ಹೇಳಿದ ಯೋಜನೆ. ಪ್ಲೇ ಸ್ಟೋರಿನಲ್ಲಿ ಸಿಗುವುದಕ್ಕಿಂತ 50 ಪಟ್ಟು ಜಾಸ್ತಿ ದುಷ್ಟ ಆ್ಯಪ್‌ಗಳು ಹೊರಗಿನ ಇಂಟರ್ನೆಟ್ಟಿನಿಂದ ಬರುತ್ತವೆ ಅಂತ ಗೂಗಲ್ ತನ್ನದೇ ಲೆಕ್ಕ ಕೊಟ್ಟಿತು.

ಇದನ್ನು ಅವರು ಏರ್‌ಪೋರ್ಟಿಗೆ ಹೋಲಿಸಿದರು. ಪ್ರಯಾಣಿಕ ಯಾರು ಅಂತ ಗುರುತು ನೋಡುವುದು ಒಂದು, ಬ್ಯಾಗಿನಲ್ಲಿ ಏನಿದೆ ಅಂತ ನೋಡುವುದು ಇನ್ನೊಂದು. ನಾವು ಇಲ್ಲಿ ಮಾಡುವುದು ಮೊದಲನೆಯದು ಮಾತ್ರ ಅಂದರು. ಪ್ರಾಮಾಣಿಕ ಮಾತು. ಆದರೆ ಇದನ್ನು ನಮ್ಮ ದೇಶದಲ್ಲಿ ಇಟ್ಟು ನೋಡಿ. ಇಲ್ಲಿ ಸೈಬರ್ ಕಳ್ಳರು ಬಳಸುವ ಸಿಮ್ ಇನ್ಯಾರದೋ ಹೆಸರಿನಲ್ಲಿರುತ್ತದೆ. ದುಡ್ಡು ಹೋಗಿ ಬೀಳುವ ಅಕೌಂಟು ಕೂಲಿ ಮಾಡುವ ಯಾರೋ ಒಬ್ಬನದ್ದು, ನಾಲ್ಕೈದು ಸಾವಿರ ಕೊಟ್ಟು ಪಾಸ್‌ಬುಕ್, ಎಟಿಎಂ ಕಾರ್ಡು ಇಸಿದುಕೊಂಡಿರುತ್ತಾರೆ. ಆಧಾರ್ ಕೊಟ್ಟು ತೆರೆದ ಅಕೌಂಟೇ ಬಾಡಿಗೆಗೆ ಸಿಗುವಾಗ 25 ಡಾಲರಿನ ಡೆವಲಪರ್ ಅಕೌಂಟು ಸಿಗುವುದಿಲ್ವಾ? ಒಂದು ಹೆಸರು ಬ್ಲಾಕ್ ಆದರೆ ಇನ್ನೊಂದು ಹುಡುಕಬೇಕು, ಕಳ್ಳನಿಗೆ ಖರ್ಚು ಸ್ವಲ್ಪ ಏರುತ್ತದೆ. ಅಷ್ಟರ ಮಟ್ಟಿಗೆ ಲಾಭ ಇದೆ, ಇಲ್ಲ ಅನ್ನುವುದಿಲ್ಲ.

ಪ್ಲೇ ಸ್ಟೋರ್ ಅನ್ನುವ ಮುಂಬಾಗಿಲು ಎಷ್ಟು ಭದ್ರ ಅನ್ನುವುದನ್ನೂ ನಾವು ನೋಡಿದ್ದೇವೆ. ಕೋವಿಡ್ ಹೊತ್ತಿನ ಸಾಲದ ಆ್ಯಪ್‌ಗಳು ನೆನಪಿವೆಯಾ? ಐದು ಸಾವಿರ ಸಾಲ ಕೊಟ್ಟು, ಫೋನಿನಲ್ಲಿದ್ದ ನಂಬರುಗಳನ್ನೆಲ್ಲ ಬಾಚಿಕೊಂಡು, ಬಂಧುಬಳಗಕ್ಕೆ ತಿದ್ದಿದ ಫೋಟೋ ಕಳಿಸಿ ಮಾನ ಕಳೆಯುತ್ತಿದ್ದವು. ಪ್ರಾಣ ಕಳೆದುಕೊಂಡವರೂ ಇದ್ದಾರೆ. ಅವುಗಳಲ್ಲಿ ಎಷ್ಟೋ ಪ್ಲೇ ಸ್ಟೋರಿನಲ್ಲೇ ಸಿಗುತ್ತಿದ್ದವು. 2021ರ ಏಪ್ರಿಲಿನಿಂದ 2022ರ ಜುಲೈವರೆಗೆ ಗೂಗಲ್ 2,500ಕ್ಕೂ ಹೆಚ್ಚು ಸಾಲದ ಆ್ಯಪ್‌ಗಳನ್ನು ತೆಗೆದುಹಾಕಿತು ಅಂತ ಸರ್ಕಾರವೇ ಸಂಸತ್ತಿಗೆ ಹೇಳಿದೆ.

ಹೊಸ ನಿಯಮದಿಂದ ಪೆಟ್ಟು ಬೀಳುವುದು ಯಾರಿಗೆ? ಎಫ್-ಡ್ರಾಯ್ಡ್ ಅನ್ನುವ ಆ್ಯಪ್ ಭಂಡಾರ 2010ರಿಂದ ಇದೆ. ಅಲ್ಲಿರುವುದೆಲ್ಲ ಮುಕ್ತ ತಂತ್ರಾಂಶ, ಅಂದರೆ ಕೋಡನ್ನು ಯಾರು ಬೇಕಾದರೂ ನೋಡಬಹುದು, ಬಳಸಬಹುದು. ಜಾಹೀರಾತಿಲ್ಲ, ಅಕೌಂಟ್ ಬೇಕಿಲ್ಲ. ಯಾರೋ ಬಿಡುವಿನ ವೇಳೆಯಲ್ಲಿ ಬರೆದ ಕೋಡನ್ನು ಇವರು ತೆಗೆದುಕೊಂಡು, ತಾವೇ ಆ್ಯಪ್ ಕಟ್ಟಿ, ಬಹುಪಾಲು ತಮ್ಮದೇ ಡಿಜಿಟಲ್ ಸಹಿ ಹಾಕಿ ಹಂಚುತ್ತಾರೆ. ಈಗ ಪ್ರತಿ ಆ್ಯಪಿನ ಹೆಸರನ್ನೂ ಸಹಿಯನ್ನೂ ಒಬ್ಬರ ಗುರುತಿಗೆ ಕಟ್ಟಬೇಕು ಅಂದರೆ ಎಲ್ಲರನ್ನೂ ಗೂಗಲ್ ಬಳಿ ನೋಂದಾಯಿಸಿ ಅಂತ ಇವರು ಒತ್ತಾಯಿಸಲು ಆಗುವುದಿಲ್ಲ, ಇನ್ನೊಬ್ಬರು ಬರೆದ ಆ್ಯಪನ್ನು ತಮ್ಮ ಹೆಸರಿಗೆ ಬರೆಸಿಕೊಳ್ಳಲೂ ಆಗುವುದಿಲ್ಲ. ಇದು ಜಾರಿಗೆ ಬಂದರೆ ನಮ್ಮ ಕೆಲಸ ಮುಗಿದ ಹಾಗೆ ಅಂತ ಅವರು ಬಹಿರಂಗವಾಗಿಯೇ ಹೇಳಿದರು. ಗಲಾಟೆ ಜೋರಾದ ಮೇಲೆ, 2025ರ ನವೆಂಬರಿನಲ್ಲಿ ಗೂಗಲ್ ಸ್ವಲ್ಪ ಸಡಿಲಿಸಿತು. ವಿದ್ಯಾರ್ಥಿಗಳಿಗೆ, ಹವ್ಯಾಸಕ್ಕೆ ಆ್ಯಪ್ ಮಾಡುವವರಿಗೆ ಬೇರೆ ಅಕೌಂಟು, ಮತ್ತು ಅಪಾಯ ಗೊತ್ತಿದ್ದೂ ಇನ್‌ಸ್ಟಾಲ್ ಮಾಡುತ್ತೇನೆ ಅನ್ನುವ ಪಳಗಿದವರಿಗೆ ಒಂದು ದಾರಿ. ಕಳ್ಳ ಫೋನಿನಲ್ಲಿ ಮಾತಾಡುತ್ತಾ ಅವಸರ ಮಾಡಿದರೂ ದಾಟಲು ಸುಲಭವಾಗದಂಥ ದಾರಿ ಮಾಡುತ್ತೇವೆ ಅಂದರು. ಆ ಕೊನೆಯ ಮಾತು ನನಗೆ ಇಷ್ಟವಾಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಕಾವಲುಗಾರ ಒಬ್ಬನೇ ಆದರೆ ಇನ್ನೊಂದು ತೊಂದರೆ ಇದೆ. ಅವನನ್ನು ಹಿಡಿದರೆ ಇಡೀ ಕೋಟೆ ಕೈಗೆ ಬಂದ ಹಾಗೆ. 2021ರ ಸೆಪ್ಟೆಂಬರಿನಲ್ಲಿ ರಷ್ಯಾದ ಚುನಾವಣೆ ಶುರುವಾದ ದಿನವೇ ವಿರೋಧಿ ನಾಯಕ ನವಾಲ್ನಿ ಬಳಗದ ಮತದಾನದ ಆ್ಯಪನ್ನು ಆ್ಯಪಲ್, ಗೂಗಲ್ ಎರಡೂ ಅಲ್ಲಿನ ಸರ್ಕಾರದ ಒತ್ತಡಕ್ಕೆ ಮಣಿದು ತೆಗೆದುಹಾಕಿದವು. ಆಂಡ್ರಾಯ್ಡಿನವರಿಗೆ ಎಪಿಕೆ ಅನ್ನುವ ಹಿಂಬಾಗಿಲಾದರೂ ಇತ್ತು, ಐಫೋನಿನವರಿಗೆ ಅದೂ ಇರಲಿಲ್ಲ. ನಮ್ಮಲ್ಲಿ ಸರ್ಕಾರದ ಸಂಚಾರ್ ಸಾಥಿ ಆ್ಯಪಿನ ಪ್ರಸಂಗ ಇನ್ನೂ ಹಸಿಯಾಗಿದೆ. ಹೊಸ ಫೋನುಗಳಲ್ಲೆಲ್ಲ ಈ ಆ್ಯಪ್ ಮೊದಲೇ ಇರಬೇಕು ಅಂತ ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಕಂಪನಿಗಳಿಗೆ ಆದೇಶ ಕೊಟ್ಟಿತು. ಎಲ್ಲ ಕಡೆಯಿಂದ ವಿರೋಧ ಬಂದಾಗ ಡಿಸೆಂಬರ್ 3ಕ್ಕೆ ಹಿಂತೆಗೆದುಕೊಂಡಿತು. ಅಲ್ಲಿ ಕೊಟ್ಟ ಕಾರಣವೂ ಸುರಕ್ಷತೆಯೇ. ಆ ಆ್ಯಪು ಕಳೆದುಹೋದ ಫೋನು ಹುಡುಕಲು ಉಪಯೋಗಕ್ಕೆ ಬರುತ್ತದೆ ಅನ್ನುವುದೂ ನಿಜವೇ.

ಈಗ ದುಡ್ಡಿನ ವಿಷಯ. ಎಚ್ಚರಿಕೆಯ ಸಂದೇಶ ಹೇಗೆ ತಯಾರಾಗುತ್ತದೆ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಫೋರ್ಟ್‌ನೈಟ್ ಗೇಮ್ ಮಾಡುವ ಎಪಿಕ್ ಕಂಪನಿ 2020ರಲ್ಲಿ ಆ್ಯಪಲ್ ಮೇಲೆ ಕೇಸ್ ಹಾಕಿತು. ಆ್ಯಪಿನೊಳಗೆ ಡಿಜಿಟಲ್ ಸಾಮಾನು ಏನೇ ಕೊಂಡರೂ ಆ್ಯಪಲ್ 30 ಪರ್ಸೆಂಟ್ ತೆಗೆದುಕೊಳ್ಳುತ್ತದೆ, ಬೇರೆ ಕಡೆ ಕಮ್ಮಿ ಬೆಲೆಗೆ ಸಿಗುತ್ತದೆ ಅಂತ ಗಿರಾಕಿಗೆ ಹೇಳಲೂ ಬಿಡುವುದಿಲ್ಲ ಅನ್ನುವುದು ಜಗಳ. ಕ್ಯಾಲಿಫೋರ್ನಿಯಾದ ನ್ಯಾಯಾಧೀಶೆ ಇವೊನ್ ಗೊನ್ಸಾಲೆಸ್ ರಾಜರ್ಸ್ 2021ರ ಸೆಪ್ಟೆಂಬರಿನ ತೀರ್ಪಿನಲ್ಲಿ ಎಪಿಕ್‌ನ ಬಹುತೇಕ ವಾದ ಒಪ್ಪಲಿಲ್ಲ, ಆದರೆ ಹೊರಗಿನ ಲಿಂಕ್ ಕೊಡಲು ಬಿಡಬೇಕು ಅಂದರು. ಆ್ಯಪಲ್ ಬಿಟ್ಟಿತು, ಹೇಗೆ ಅಂದರೆ ಹೊರಗೆ ಕೊಟ್ಟ ದುಡ್ಡಿಗೂ 27 ಪರ್ಸೆಂಟ್ ಕಮಿಷನ್ ಇಟ್ಟಿತು. ಜೊತೆಗೆ ಲಿಂಕ್ ಒತ್ತಿದರೆ ಪರದೆ ತುಂಬ ಒಂದು ಎಚ್ಚರಿಕೆ. ನೀವು ಹೊರಗಿನ ವೆಬ್‌ಸೈಟಿಗೆ ಹೋಗುತ್ತಿದ್ದೀರಿ, ಅಲ್ಲಿನ ಸುರಕ್ಷತೆಗೆ ಆ್ಯಪಲ್ ಹೊಣೆಯಲ್ಲ, ಈ ಧಾಟಿಯದ್ದು.

2025ರ ಏಪ್ರಿಲಿನಲ್ಲಿ ಅದೇ ನ್ಯಾಯಾಧೀಶೆ ಆ್ಯಪಲ್ ನ್ಯಾಯಾಂಗ ನಿಂದನೆ ಮಾಡಿದೆ ಅಂತ ತೀರ್ಪು ಕೊಟ್ಟರು. ಹಣಕಾಸು ವಿಭಾಗದ ಒಬ್ಬ ಉಪಾಧ್ಯಕ್ಷರು ಪ್ರಮಾಣ ಮಾಡಿ ಸುಳ್ಳು ಹೇಳಿದ್ದಾರೆ ಅಂತಲೂ ಬರೆದರು. ಆ ತೀರ್ಪಿನಲ್ಲಿ ಕಂಪನಿಯ ಒಳಗಿನ ಮಾತುಕತೆ ಹೊರಬಿತ್ತು. ಎಚ್ಚರಿಕೆಯ ಪರದೆಗೆ ಪದ ಆರಿಸುತ್ತಾ ಕೂತ ಸಿಬ್ಬಂದಿಯಲ್ಲಿ ಒಬ್ಬರು, ಹೊರಗಿನ ವೆಬ್‌ಸೈಟ್ ಅನ್ನುವ ಪದ ಹೆದರಿಕೆ ಹುಟ್ಟಿಸುತ್ತದೆ, ಹಾಗಾಗಿ ಮೇಲಿನವರಿಗೆ ಬಹಳ ಹಿಡಿಸುತ್ತದೆ ಅನ್ನುವ ಅರ್ಥದಲ್ಲಿ ಬರೆದಿದ್ದರು. ನಾನು ಇದನ್ನು ಎರಡು ಸಲ ಓದಿದೆ. ಗಿರಾಕಿಗೆ ಅಪಾಯ ಇದೆಯಾ ಅಂತ ಅಲ್ಲಿ ಯಾರೂ ಕೇಳುತ್ತಿರಲಿಲ್ಲ. ಎಷ್ಟು ಹೆದರಿಸಿದರೆ ಅವನು ವಾಪಸ್ ನಮ್ಮ ಅಂಗಡಿಗೇ ಬರುತ್ತಾನೆ ಅನ್ನುವುದು ಲೆಕ್ಕ.

ಗೂಗಲ್ ಕಡೆ ನೋಡಿದರೆ ಭಾರತದ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಒಂದೇ ವಾರದಲ್ಲಿ ಎರಡು ದಂಡ ಹಾಕಿತ್ತು. ಆಂಡ್ರಾಯ್ಡ್ ವಿಷಯಕ್ಕೆ 1,337.76 ಕೋಟಿ, ಪ್ಲೇ ಸ್ಟೋರಿನ ಬಿಲ್ಲಿಂಗ್ ವಿಷಯಕ್ಕೆ 936.44 ಕೋಟಿ. ಮೊದಲನೆಯ ಆದೇಶದಲ್ಲಿ ಹೊರಗಿನಿಂದ ಆ್ಯಪ್ ಹಾಕಿಕೊಳ್ಳುವುದನ್ನು ತಡೆಯಬಾರದು ಅನ್ನುವ ನಿರ್ದೇಶನವೂ ಇತ್ತು. 2023ರ ಮಾರ್ಚಿನಲ್ಲಿ ಮೇಲ್ಮನವಿ ಮಂಡಳಿ ದಂಡವನ್ನು ಎತ್ತಿಹಿಡಿದು ಆ ನಿರ್ದೇಶನವನ್ನು ಕೈಬಿಟ್ಟಿತು. ಎರಡನೆಯ ದಂಡ 2025ರಲ್ಲಿ 216.69 ಕೋಟಿಗೆ ಇಳಿಯಿತು. ಮಧ್ಯೆ 2024ರ ಮಾರ್ಚ್ 1ರಂದು ಶುಲ್ಕದ ಜಗಳದಲ್ಲಿ ನೌಕ್ರಿ, ಭಾರತ್ ಮ್ಯಾಟ್ರಿಮೊನಿ, ಶಾದಿ, ಕುಕು ಎಫ್‌ಎಂ ಥರದ ಆ್ಯಪ್‌ಗಳು ದಿಢೀರ್ ಅಂತ ಪ್ಲೇ ಸ್ಟೋರಿನಿಂದ ಮಾಯವಾದವು. ಕೇಂದ್ರ ಸರ್ಕಾರ ಮಧ್ಯೆ ಬಂದ ಮೇಲೆ ಕೆಲವೇ ದಿನದಲ್ಲಿ ವಾಪಸ್ ಬಂದವು. ಅವು ಮಾಯವಾಗುವ ಒಂಬತ್ತು ದಿನ ಮೊದಲಷ್ಟೇ ಬೆಂಗಳೂರಿನ ಫೋನ್‌ಪೇ ಇಂಡಸ್ ಆ್ಯಪ್‌ಸ್ಟೋರ್ ಅಂತ ತನ್ನದೇ ಅಂಗಡಿ ತೆರೆದಿತ್ತು, ಹನ್ನೆರಡು ಭಾರತೀಯ ಭಾಷೆಗಳಲ್ಲಿ. ಅದು ಪ್ಲೇ ಸ್ಟೋರಿನಲ್ಲಿ ಸಿಗುವುದಿಲ್ಲ. ಫೋನಿನಲ್ಲಿ ಮೊದಲೇ ಇರದಿದ್ದರೆ ಎಪಿಕೆಯಾಗಿಯೇ ಹಾಕಿಕೊಳ್ಳಬೇಕು. ಹಾಗೆ ಹಾಕುವಾಗ ಫೋನು ಏನು ಕೇಳುತ್ತದೆ ಹೇಳಿ? ಚಿಕ್ಕಪ್ಪನಿಗೆ ಲಗ್ನಪತ್ರಿಕೆ ಬಂದಾಗ ಕೇಳಿತಲ್ಲ, ಅದೇ ಪ್ರಶ್ನೆ.

ಇನ್ನು ರಿಪೇರಿ. ತಂಗಿಯ ಫೋನಿನ ಬ್ಯಾಟರಿ ಹೋಗಿತ್ತು. ಕಂಪನಿ ಸರ್ವಿಸ್ ಸೆಂಟರಿನಲ್ಲಿ ಹೇಳಿದ ರೇಟು ಕೇಳಿ ಬೆಂಗಳೂರಿನ ಎಸ್‌ಪಿ ರೋಡಿಗೆ ಹೋದೆವು. ಆರಡಿ ಅಗಲದ ಅಂಗಡಿ. ಮೈಕ್ರೋಸ್ಕೋಪಿನ ಕೆಳಗೆ ಇನ್ಯಾರದೋ ಬೋರ್ಡು, ಪಕ್ಕದಲ್ಲಿ ಅರ್ಧ ಕುಡಿದ ಟೀ. ಹುಡುಗ ಫೋನನ್ನು ಬಿಸಿ ತಟ್ಟೆಯ ಮೇಲಿಟ್ಟು ಅಂಟು ಸಡಿಲ ಮಾಡಿ, ತೆಳು ಪ್ಲಾಸ್ಟಿಕ್ ತುಂಡು ತೂರಿಸಿ ಬಾಯಿ ಬಿಡಿಸಿದ. ಇಪ್ಪತ್ತು ನಿಮಿಷದ ಕೆಲಸ. ಕೊಡುವಾಗ ಅವನೇ ಮೊದಲು ಹೇಳಿದ: "ಅಕ್ಕ, ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಒರಿಜಿನಲ್ ಅಲ್ಲ ಅಂತ ಮೆಸೇಜ್ ಬರುತ್ತೆ. ಹೆದರ್ಕೋಬೇಡಿ. ಹಳೇ ಬ್ಯಾಟರಿ ಚಿಪ್ ಇದಕ್ಕೆ ಕೂರಿಸಿದ್ರೆ ಬರಲ್ಲ, ಆದ್ರೆ ಅದಕ್ಕೆ ಐನೂರು ಜಾಸ್ತಿ ಆಗುತ್ತೆ."

ಬ್ಯಾಟರಿ ಚೆನ್ನಾಗಿ ಮಾಡುವುದಕ್ಕಲ್ಲ, ಮೆಸೇಜ್ ಬರದ ಹಾಗೆ ಮಾಡುವುದಕ್ಕೆ ಐನೂರು. ತಂಗಿ ಕೊಟ್ಟಳು. ಎರಡು ವರ್ಷ ಬಿಟ್ಟು ಮಾರುವಾಗ ಆ ಮೆಸೇಜ್ ಕಂಡರೆ ಬೆಲೆ ಇಳಿಯುತ್ತದೆ ಅಂತ ಅವಳ ಲೆಕ್ಕ.

ಇದಕ್ಕೆ ಪಾರ್ಟ್ಸ್ ಪೇರಿಂಗ್ ಅನ್ನುತ್ತಾರೆ. ಪ್ರತಿ ಬಿಡಿಭಾಗಕ್ಕೂ ಒಂದು ನಂಬರು, ಆ ನಂಬರಿಗೂ ಬೋರ್ಡಿಗೂ ಗಂಟು. ಬೇರೆ ಭಾಗ ಹಾಕಿದರೆ ಸಂದೇಶ ಬರುತ್ತದೆ, ಇಲ್ಲವೇ ಯಾವುದೋ ಸೌಲಭ್ಯ ನಿಲ್ಲುತ್ತದೆ. 2016ರ ಎರರ್ 53 ಇದರ ಹಳೆಯ ಉದಾಹರಣೆ. ಹೊರಗಡೆ ಹೋಂ ಬಟನ್ ಬದಲಿಸಿದ್ದ ಐಫೋನುಗಳು ಸಾಫ್ಟ್‌ವೇರ್ ಅಪ್‌ಡೇಟ್ ಆದ ಮೇಲೆ ಪೂರ್ತಿ ಸತ್ತವು. ಬೆರಳಚ್ಚಿನ ಸುರಕ್ಷತೆಗಾಗಿ ಅಂತ ಆ್ಯಪಲ್ ಮೊದಲು ಸಮರ್ಥಿಸಿಕೊಂಡಿತು. ಬೈಗುಳ ಜಾಸ್ತಿಯಾದ ಮೇಲೆ, ಅದು ಕಾರ್ಖಾನೆಯಲ್ಲಿ ಪರೀಕ್ಷೆಗೆ ಇದ್ದದ್ದು, ಗಿರಾಕಿಗಳಿಗೆ ತಟ್ಟಬಾರದಿತ್ತು ಅಂತ ಕ್ಷಮೆ ಕೇಳಿತು. ಆಸ್ಟ್ರೇಲಿಯಾದಲ್ಲಿ 2018ರಲ್ಲಿ 90 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಂಡ ಬಿತ್ತು. 2021ರಲ್ಲಿ ಐಫೋನ್ 13ರ ಪರದೆ ಹೊರಗೆ ಬದಲಿಸಿದರೆ ಫೇಸ್ ಐಡಿ ನಿಲ್ಲುತ್ತಿತ್ತು. ಗಲಾಟೆಯಾಯಿತು, ಅಪ್‌ಡೇಟಿನಲ್ಲಿ ಸರಿಹೋಯಿತು. ಗಲಾಟೆಯಾದರೆ ಸರಿಹೋಗುವುದಾದರೆ ಸುರಕ್ಷತೆಗೆ ಅದು ಬೇಕೇಬೇಕಿತ್ತು ಅನ್ನುವ ಮಾತನ್ನು ಎಷ್ಟು ನಂಬಬೇಕು?

ಇಲ್ಲಿಯೂ ಕಂಪನಿಯ ವಾದದಲ್ಲಿ ಹುರುಳಿಲ್ಲ ಅಂತಲ್ಲ. ಬೆರಳಚ್ಚು, ಮುಖ ಗುರುತಿಸುವ ಸೆನ್ಸರ್‌ಗಳನ್ನು ಬೋರ್ಡಿಗೆ ಕಟ್ಟಿಹಾಕುವುದು ಸರಿಯೇ. ಕದ್ದ ಫೋನನ್ನು ಬಿಚ್ಚಿ ಭಾಗ ಭಾಗವಾಗಿ ಮಾರುವ ದಂಧೆ ಇದೆ, ನಂಬರು ಕಟ್ಟಿದರೆ ಆ ದಂಧೆ ಕುಗ್ಗುತ್ತದೆ. ಕಳಪೆ ಬ್ಯಾಟರಿ ಉಬ್ಬಿ ಬೆಂಕಿ ಹತ್ತಬಹುದು ಅನ್ನುವುದೂ ಸುಳ್ಳಲ್ಲ. ಆದರೆ ನಮ್ಮ ಬ್ಯಾಟರಿ ಕಳಪೆ ಅಂತ ಆ ಮೆಸೇಜ್ ಹೇಳಲಿಲ್ಲ. ಕಂಪನಿ ಹತ್ತಿರ ಕೊಂಡದ್ದಲ್ಲ ಅಂತ ಹೇಳಿತು, ಅಷ್ಟೇ. ಅದೇ ಮಾದರಿಯ ಇನ್ನೊಂದು ಫೋನಿನಿಂದ ತೆಗೆದ ಒರಿಜಿನಲ್ ಬ್ಯಾಟರಿ ಹಾಕಿದ್ದರೂ ಬರುತ್ತಿತ್ತು ಅಂದ ಹುಡುಗ.

ಅಮೆರಿಕದ ಒರೆಗಾನ್ ರಾಜ್ಯ 2024ರಲ್ಲಿ ಮಾಡಿದ ಕಾನೂನು ನನಗೆ ಹಿಡಿಸಿದ್ದು ಇದಕ್ಕೇ. ಪೇರಿಂಗ್ ಬಳಸಿ ಬಿಡಿಭಾಗದ ಕೆಲಸ ಕೆಡಿಸಬಾರದು ಅಂತ ಅದು ಹೇಳುತ್ತದೆ. ಅಷ್ಟಕ್ಕೇ ನಿಲ್ಲದೆ, ಬಿಡಿಭಾಗದ ಬಗ್ಗೆ ದಾರಿ ತಪ್ಪಿಸುವ, ಮಾಲೀಕ ತಕ್ಷಣ ತೆಗೆದುಹಾಕಲು ಆಗದ ಎಚ್ಚರಿಕೆ ತೋರಿಸಬಾರದು ಅಂತಲೂ ಬರೆದಿದ್ದಾರೆ. 2025ರ ಜನವರಿ 1ರಿಂದ ಜಾರಿಯಲ್ಲಿದೆ. ಆ ಮಸೂದೆಯನ್ನು ಆ್ಯಪಲ್ ವಿರೋಧಿಸಿತು, ಗೂಗಲ್ ಬೆಂಬಲಿಸಿತು. ಆ್ಯಪ್ ವಿಷಯಕ್ಕೆ ಬಾಗಿಲು ಬಿಗಿ ಮಾಡಲು ಹೊರಟಿರುವುದೂ ಅದೇ ಗೂಗಲ್ ಅನ್ನುವುದು ತಮಾಷೆ. ಯುರೋಪಿನಲ್ಲಿ 2025ರ ಜೂನ್ 20ರಿಂದ ಹೊಸ ಫೋನಿನ ಲೇಬಲ್ಲಿನಲ್ಲಿ ರಿಪೇರಿ ಎಷ್ಟು ಸುಲಭ ಅಂತ ದರ್ಜೆ ಇರಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಬಿಡಿಭಾಗ ಸಿಗಬೇಕು.

ನಮ್ಮಲ್ಲಿ? 2022ರ ಜುಲೈನಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ ಸಮಿತಿ ಮಾಡಿತು, ಡಿಸೆಂಬರಿನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಬಂತು. 2024ರಲ್ಲಿ ರಿಪೇರಿ ಸೂಚ್ಯಂಕಕ್ಕೆ ಅಂತ ಇನ್ನೊಂದು ಸಮಿತಿ, 2025ರ ಮೇನಲ್ಲಿ ಅದರ ವರದಿ. ಕೋಲಾರದ ನರಸಾಪುರದಲ್ಲಿ, ದೇವನಹಳ್ಳಿಯಲ್ಲಿ ಐಫೋನು ಜೋಡಿಸುತ್ತಿದ್ದಾರೆ. ಅಲ್ಲಿನ ಹುಡುಗಿಯರು ಹಗಲು ರಾತ್ರಿ ಪಾಳಿಯಲ್ಲಿ ಕೂರಿಸುವ ಪರದೆಯನ್ನು ಒಂದು ಗಂಟೆ ದೂರದ ಎಸ್‌ಪಿ ರೋಡಿನವನು ಬದಲಿಸಿದರೆ ಫೋನಿಗೆ ಅನುಮಾನ.

ನನಗೆ ಬೀಗ ಬೇಡ ಅಂತಿಲ್ಲ. ಚಿಕ್ಕಪ್ಪನ ಫೋನಿಗೆ ಇನ್ನೂ ಎರಡು ಬೀಗ ಹಾಕಿದರೂ ಸಂತೋಷ. ನನ್ನ ತಕರಾರು ಎರಡೇ. ಒಂದು, ಕೀಲಿ ಕೊನೆಗೆ ಫೋನಿನ ಮಾಲೀಕನ ಹತ್ತಿರ ಇರಬೇಕು. ಸಿಗುವುದು ನಿಧಾನವಾಗಲಿ. ಇನ್‌ಸ್ಟಾಲ್ ಒತ್ತಿದ ಮೇಲೆ ಒಂದು ದಿನ ಕಾಯಿಸಲಿ, ಯಾರ ಜೊತೆಗಾದರೂ ಕಾಲ್‌ನಲ್ಲಿ ಇದ್ದರೆ ಬಿಡದಿರಲಿ, ಕನ್ನಡದಲ್ಲಿ ಕೇಳಲಿ. ಮೋಸ ಮಾಡುವವನಿಗೆ ಬೇಕಾಗಿರುವುದು ಅವಸರ, ಒಂದು ದಿನ ತಡವಾದರೆ ಅವನ ಆಟ ಬಹುಪಾಲು ಕೆಡುತ್ತದೆ. ಎಫ್-ಡ್ರಾಯ್ಡ್ ಬಳಸುವವನಿಗೆ ಒಂದು ದಿನ ಕಾದರೆ ಏನೂ ಹೋಗುವುದಿಲ್ಲ. ಗೂಗಲ್ ನವೆಂಬರಿನಲ್ಲಿ ಹೇಳಿದ ದಾರಿ ಈ ಥರದ್ದಾದರೆ ನಾನು ಖಂಡಿತ ಮೆಚ್ಚುತ್ತೇನೆ. ಎರಡು, ಕಳ್ಳನ ಬಗ್ಗೆ ಎಚ್ಚರಿಸುವುದಕ್ಕೂ ಪಕ್ಕದ ಅಂಗಡಿಯ ಬಗ್ಗೆ ಎಚ್ಚರಿಸುವುದಕ್ಕೂ ಒಂದೇ ಕೆಂಪು ತ್ರಿಕೋನ ಬಳಸಬಾರದು. ಕಮಿಷನ್ ಉಳಿಸಿಕೊಳ್ಳಲು ಒಮ್ಮೆ ಹೆದರಿಸಿದವನು ಮುಂದಿನ ಸಲ ನಿಜ ಹೇಳಿದರೂ ಜನ ಹೂಂ ಅಂತ ಒತ್ತಿ ಮುಂದೆ ಹೋಗುತ್ತಾರೆ.

ಇಲ್ಲವೇ ಇನ್ನೊಂದು ಥರ ಆಗುತ್ತದೆ. ಕಳೆದ ದೀಪಾವಳಿಗೆ ಊರಿಗೆ ಹೋದಾಗ ಚಿಕ್ಕಪ್ಪನ ಫೋನು ತೆಗೆದು ನೋಡಿದೆ. ಮೇಲೆ ಸಾಲಾಗಿ ನೋಟಿಫಿಕೇಶನ್. ಸೆಕ್ಯುರಿಟಿ ಅಪ್‌ಡೇಟ್ ಬಂದಿದೆ, ಇನ್‌ಸ್ಟಾಲ್ ಮಾಡಿ ಅಂತ ಏಳು ತಿಂಗಳಿಂದ ಕೇಳುತ್ತಾ ಕೂತಿತ್ತು.

"ಇದನ್ನು ಯಾಕೆ ಒತ್ತಿಲ್ಲ ಚಿಕ್ಕಪ್ಪ?"

"ನೀನೇ ಹೇಳಿದ್ಯಲ್ಲಪ್ಪ," ಅಂದರು, ಕೊಬ್ಬರಿ ಮಿಠಾಯಿ ತಟ್ಟೆ ನನ್ನ ಕಡೆ ತಳ್ಳುತ್ತಾ, "ಇನ್‌ಸ್ಟಾಲ್ ಅಂತ ಏನೇ ಬಂದ್ರೂ ಒತ್ತಬೇಡಿ ಅಂತ."